ಬೆಳಗಿನ 7.8, ಸಂಜೆಯ 8.2

ಓದಲು ಬೆಂಗಳೂರಿಗೆ ಬಂದು ಮಾವನ ಮನೆ ಸೇರಿ ಎರಡು ವರ್ಷ ದಾಟಿತು. ಎರಡು ಬೆಡ್‌ರೂಮಿನ ಫ್ಲ್ಯಾಟ್. ಮಾವ, ಅತ್ತೆ, ಅವರ ಇಬ್ಬರು ಮಕ್ಕಳು ಮತ್ತು ನಾನು. ನನ್ನ ಹಾಸಿಗೆ ಹಾಲ್‌ನಲ್ಲಿ, ಮಾವನ ಅಕ್ವೇರಿಯಂ ಪಕ್ಕದಲ್ಲಿ. ಹೊನ್ನಾವರದಲ್ಲಿ ಹುಟ್ಟಿ ಬೆಳೆದವಳಿಗೆ ಬೆಂಗಳೂರಿನಲ್ಲೂ ಸಮುದ್ರದ ಪಕ್ಕವೇ ಮಲಗುವ ಯೋಗ ಎಂದು ಅಮ್ಮ ಫೋನಿನಲ್ಲಿ ತಮಾಷೆ ಮಾಡುತ್ತಿರುತ್ತಾಳೆ.

ಅದು ಬಣ್ಣದ ಮೀನು ಬಿಡುವ ಸಾಧಾರಣ ತೊಟ್ಟಿಯಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಿ ಮಾಡಿದ ಇನ್ನೂರೈವತ್ತು ಲೀಟರ್ ನೀರು. ಒಳಗೆ ಕಲ್ಲು, ಕಲ್ಲಿನ ಮೇಲೆ ಮೆತ್ತನೆಯ ಹವಳಗಳು, ಎರಡು ಕ್ಲೌನ್ ಮೀನು, ಒಂದು ಸೀಗಡಿ. ಗಟ್ಟಿ ಹವಳ ಒಂದೂ ಇಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಮಾವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. 'ಹುಲಿ ಸಾಕ್ತೀಯಾ ಮನೇಲಿ?' ಎಂದು ಕೇಳುವವರ ಬಾಯಿ ಮುಚ್ಚಿಸುತ್ತಾರೆ. ಅವರ ಹೆಮ್ಮೆ ಅಂದರೆ ಒಂದು ಲೆದರ್ ಕೋರಲ್. ಅಣಬೆಯ ಆಕಾರ, ತೊಗಲಿನಂಥ ಮೈ. ಬೆಳಕು ಬಿದ್ದಾಗ ಮೈತುಂಬ ಸಣ್ಣ ಎಳೆಗಳು ಅರಳುತ್ತವೆ. ಏಳು ವರ್ಷದ ಹಿಂದೆ ಬೆರಳ ತುದಿಯಷ್ಟು ತಂದಿದ್ದು ಊಟದ ತಟ್ಟೆಯಷ್ಟಾಗಿತ್ತು.

ಕಳೆದ ಜುಲೈನಲ್ಲಿ ಮಾವನನ್ನು ಆಫೀಸಿನವರು ಪುಣೆಗೆ ಕಳಿಸಿದರು. ಮೂರು ತಿಂಗಳು. ಹೊರಡುವ ಹಿಂದಿನ ರಾತ್ರಿ ತೊಟ್ಟಿಯ ಜವಾಬ್ದಾರಿ ನನಗೆ ಬಂತು, ಜತೆಗೆ ಒಂದು ನೋಟ್‌ಬುಕ್. 'ಇದರಲ್ಲಿ ಎಲ್ಲಾ ಇದೆ ಮಾರಾಯ್ತಿ, ನೋಡ್ಕೊಂಡು ಮಾಡು' ಎಂದರು. ನೋಡಿದೆ. ವಾರಕ್ಕೊಂದು ಸಾಲು: ದಿನಾಂಕ, ಉಪ್ಪಿನಂಶ, ಕ್ಷಾರತೆ, ಪಿಎಚ್. ಪಿಎಚ್ ಕಾಲಂನಲ್ಲಿ ವರ್ಷಗಟ್ಟಲೆ ಒಂದೇ ಅಂಕಿ. 8.2, 8.2, ಎಲ್ಲೋ ಒಮ್ಮೆ 8.25.

ಮೊದಲ ದಿನ ಬೆಳಿಗ್ಗೆ ಕಾಲೇಜು ಬಸ್‌ಗೆ ಹೋಗುವ ಮುಂಚೆ, ಆರೂವರೆಗೆ, ಪೆನ್ನಿನಂಥ ಮೀಟರ್ ಅದ್ದಿ ನೋಡಿದೆ. 7.8.

ನನಗೆ ಎದೆ ಧಸಕ್ಕೆಂದಿತು. ಪಿಎಚ್ ಅಂಕಿಗಳು ನೇರ ಲೆಕ್ಕದವಲ್ಲ, ಹತ್ತರ ಘಾತದವು ಎಂಬುದು ನಮಗೆ ಪಿಯುಸಿಯಿಂದಲೂ ಬಾಯಿಪಾಠ. 8.2ರಿಂದ 7.8ಕ್ಕೆ ಇಳಿದಿದೆ ಅಂದರೆ ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಎರಡೂವರೆ ಪಟ್ಟಾಗಿವೆ. ಮಾವ ಹೋಗಿ ಒಂದು ದಿನವಾಗಿಲ್ಲ, ಆಗಲೇ ತೊಟ್ಟಿ ಹಾಳು ಮಾಡಿದೆನಾ? ಮೀಟರನ್ನು ತೊಳೆದು ಮತ್ತೆ ನೋಡಿದೆ. 7.8. ಮರುದಿನವೂ ಅದೇ ಹೊತ್ತಿಗೆ ನೋಡಿದೆ. 7.79.

ಮಾವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. 'ಇಂಜಿನಿಯರಿಂಗ್ ಓದ್ತಾಳೆ, ಅವಳೇ ನೋಡ್ಕೋತಾಳೆ' ಎಂದು ಅತ್ತೆಗೆ ಅವರು ಹೇಳಿದ್ದು ಕಿವಿಗೆ ಬಿದ್ದಿತ್ತು. ಅಂಗಡಿಗೆ ಹೋಗಿ ಪಿಎಚ್ ಏರಿಸುವ ಬಫರ್ ಪುಡಿಯ ಡಬ್ಬಿ ತಂದೆ. ದಿನಾ ಬೆಳಿಗ್ಗೆ ಅರ್ಧ ಚಮಚ ನೀರಿನಲ್ಲಿ ಕರಗಿಸಿ ಹಾಕುವುದು, ಹತ್ತು ನಿಮಿಷ ಬಿಟ್ಟು ನೋಡುವುದು. ಅಂಕಿ ಏರುತ್ತಿತ್ತು. ಸಮಾಧಾನದಿಂದ ಬಸ್ ಹತ್ತುತ್ತಿದ್ದೆ. ಮರುದಿನ ಬೆಳಿಗ್ಗೆ ಮತ್ತೆ ಇಳಿದಿರುತ್ತಿತ್ತು. ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ರೇಗಿಹೋಗಿ ಎರಡು ಚಮಚ ಹಾಕಿದೆ, ಅದೂ ಪಂಪಿನ ಬಾಯಿಯ ಹತ್ತಿರವೇ.

ಮಧ್ಯಾಹ್ನ ಅತ್ತೆಯ ಫೋನ್. 'ನೀರು ಹಾಲಿನ ಹಾಗೆ ಆಗಿದೆಯಲ್ಲೇ?'

ಬಂದು ನೋಡಿದರೆ ತೊಟ್ಟಿಯಲ್ಲಿ ಹಿಮ ಸುರಿದಂತಿತ್ತು. ಅದು ಸುಣ್ಣ. ನಾನು ಹಾಕಿದ ಪುಡಿಯಲ್ಲಿದ್ದದ್ದು ಮುಖ್ಯವಾಗಿ ಸೋಡಿಯಂ ಕಾರ್ಬೋನೇಟ್. ಅದು ಒಂದೇ ಕಡೆ ದಟ್ಟವಾಗಿ ಬಿದ್ದಾಗ ನೀರಿನಲ್ಲಿದ್ದ ಕ್ಯಾಲ್ಸಿಯಂ ಜತೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಕೆಳಗಿಳಿದಿತ್ತು. ಪಂಪಿನ ಮೇಲೆಲ್ಲ ಬಿಳಿ ಹೊಪ್ಪಳಿಕೆ. ಆಗಷ್ಟೇ ನನಗೆ ಕ್ಷಾರತೆ ಅಳೆಯುವ ಕಿಟ್ ನೆನಪಾದದ್ದು. ಮಾವನ ಪುಸ್ತಕದಲ್ಲಿ ಎಂಟೂವರೆಯ ಆಸುಪಾಸಿನಲ್ಲಿರುತ್ತಿದ್ದ ಅಂಕಿ ಹದಿಮೂರು ದಾಟಿತ್ತು. ಎರಡು ದಿನಕ್ಕೆ ಸೀಗಡಿ ಸತ್ತಿತು. ಲೆದರ್ ಕೋರಲ್ ಮುದುಡಿ ಒಂದು ಬದಿಗೆ ಬಾಗಿತು. ವಾರದೊಳಗೆ ಅದರ ಬುಡ ಕರಗತೊಡಗಿ ಕೊಳೆತ ವಾಸನೆ ಹಾಲ್‌ಗೆಲ್ಲ ಹರಡಿತು. ಅದರ ಪಕ್ಕದಲ್ಲೇ ನನ್ನ ಹಾಸಿಗೆ.

ಕೊನೆಗೆ ಮಾವನಿಗೆ ವಿಡಿಯೋ ಕಾಲ್ ಮಾಡಿ ಅತ್ತೆ. ಅವರು ಬೈಯಲಿಲ್ಲ. ಕೈಗವಸು ಹಾಕಿಕೊ ಎಂದರು, ಹೊಸ ಬ್ಲೇಡ್ ತರಿಸಿದರು, ಕೊಳೆಯದ ಅಂಚಿನಿಂದ ಒಂದು ತುಂಡು ಕತ್ತರಿಸಿ ಕಲ್ಲಿಗೆ ಕಟ್ಟಿಸಿದರು. ಉಳಿದದ್ದನ್ನು ಎಸೆಯಲು ಹೇಳಿದರು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: 'ನೀನು ಯಾವ ಹೊತ್ತಿಗೆ ನೋಡ್ತಿದ್ದೆ?'

'ಬೆಳಿಗ್ಗೆ ಆರೂವರೆಗೆ, ಮಾವ.'

'ನಾನು ಭಾನುವಾರ ಸಂಜೆ ಐದಕ್ಕೆ ನೋಡೋದು.'

ಇಷ್ಟೇ ವಿಷಯ. ಅವರ ಪುಸ್ತಕದಲ್ಲಿ ದಿನಾಂಕ ಇತ್ತು, ಗಂಟೆ ಇರಲಿಲ್ಲ. ನನ್ನ ತಲೆಯಲ್ಲೂ ಗಂಟೆ ಇರಲಿಲ್ಲ.

ತೊಟ್ಟಿಯ ಲೈಟು ಟೈಮರ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿ ಸಂಜೆ ಏಳಕ್ಕೆ ಆರುತ್ತದೆ. ಈ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಕಲ್ಲಿನ ಮೇಲೂ ಪಾಚಿ ಇರುತ್ತದೆ. ಬೆಳಕಿದ್ದಾಗ ಅವು ದ್ಯುತಿಸಂಶ್ಲೇಷಣೆ ಮಾಡಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಳ್ಳುತ್ತವೆ. ಅದು ಕಡಿಮೆಯಾದಂತೆ ಕಾರ್ಬಾನಿಕ್ ಆಮ್ಲ ಕಡಿಮೆಯಾಗಿ ಪಿಎಚ್ ಏರುತ್ತದೆ. ಲೈಟ್ ಆರಿದ ಮೇಲೆ ಬಳಸುವವರಿಲ್ಲ, ಬಿಡುವವರೇ ಎಲ್ಲ. ಮೀನು, ಹವಳ, ಪಾಚಿ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತವೆ. ಹಾಗಾಗಿ ದಿನದ ಅತಿ ಕಡಿಮೆ ಪಿಎಚ್ ಸಿಗುವುದು ಬೆಳಿಗ್ಗೆ ಲೈಟ್ ಹತ್ತುವ ಮುಂಚೆ. ನಾನು ಮೀಟರ್ ಅದ್ದುತ್ತಿದ್ದದ್ದು ಸರಿಯಾಗಿ ಆಗ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದು ಗೊತ್ತಿದ್ದರೆ ಹವಳ ಉಳಿಯುತ್ತಿತ್ತು. ಇಂಗಾಲದ ಡೈಆಕ್ಸೈಡ್ ಬಂದು ಹೋಗುವುದರಿಂದ ಪಿಎಚ್ ಬದಲಾಗುತ್ತದೆಯೇ ಹೊರತು ಕ್ಷಾರತೆ ಬದಲಾಗುವುದಿಲ್ಲ. ನನ್ನ ತೊಟ್ಟಿಯಲ್ಲಿ ಕ್ಷಾರತೆಗೆ ಏನೂ ಆಗಿರಲಿಲ್ಲ. ಹೆಚ್ಚಾದದ್ದು ಗಾಳಿಯಿಂದ, ಉಸಿರಿನಿಂದ ಬಂದ ಒಂದು ಅನಿಲ. ಅದಕ್ಕೆ ನಾನು ಕೊಟ್ಟ ಮದ್ದು ಕ್ಷಾರದ ಪುಡಿ. ಹಸಿವಾದವನಿಗೆ ಜ್ವರದ ಮಾತ್ರೆ ಕೊಟ್ಟ ಹಾಗೆ, ಅದೂ ದಿನಾ.

ಆಮೇಲೆ ಬಫರ್ ಡಬ್ಬಿ ಮುಚ್ಚಿಟ್ಟು, ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಕ್ಷಾರತೆಯನ್ನು ಒಂಬತ್ತಕ್ಕೆ ಇಳಿಸಿದೆ. ನಮ್ಮ ಮಿನಿ ಪ್ರಾಜೆಕ್ಟಿಗೂ ವಿಷಯ ಸಿಕ್ಕಿತು. ಎಸ್.ಪಿ. ರಸ್ತೆಯಲ್ಲಿ ಪಿಎಚ್ ಎಲೆಕ್ಟ್ರೋಡ್, ಅದರ ಆಂಪ್ಲಿಫೈಯರ್ ಬೋರ್ಡ್, ಒಂದು ಇಎಸ್‌ಪಿ32 ತಂದು ನಾವು ನಾಲ್ವರು ಜೋಡಿಸಿದೆವು. ('ಐಒಟಿ ಆಧಾರಿತ ನೀರಿನ ಗುಣಮಟ್ಟ ಮಾಪನ' ಎಂದರೆ ನಗಬೇಡಿ. ಪ್ರತಿ ಬ್ಯಾಚಿನಲ್ಲೂ ಈ ಹೆಸರಿನ ಪ್ರಾಜೆಕ್ಟ್ ಎರಡಾದರೂ ಇರುತ್ತವೆ ಎಂಬುದು ನನಗೂ ಗೊತ್ತು.) ಹತ್ತು ನಿಮಿಷಕ್ಕೊಂದು ರೀಡಿಂಗ್, ದಿನಕ್ಕೆ 144.

ಮೊದಲ ದಿನದ ಗ್ರಾಫ್ ನೋಡಿದಾಗ ಓದಿ ತಿಳಿದದ್ದೇ ಕಣ್ಣೆದುರು ಬಿದ್ದಿತ್ತು. ಬೆಳಿಗ್ಗೆ ಒಂಬತ್ತಕ್ಕೆ 7.86. ಲೈಟ್ ಹತ್ತಿದ ಅರ್ಧ ಗಂಟೆಗೆ ಏರಲು ಶುರು. ಮಧ್ಯಾಹ್ನದವರೆಗೆ ಚುರುಕು, ಆಮೇಲೆ ನಿಧಾನ. ಸಂಜೆ ಐದೂವರೆಗೆ 8.22. ಏಳಕ್ಕೆ ಲೈಟ್ ಆರಿದ ಕೂಡಲೇ ಇಳಿಜಾರು, ನಡುರಾತ್ರಿಯ ಮೇಲೆ ನಿಧಾನವಾಗಿ ಇನ್ನಷ್ಟು ಇಳಿತ. ಅತ್ತೆಯ ಚಿಕ್ಕ ಮಗ ನೋಡಿ, 'ಅಕ್ಕಾ, ತೊಟ್ಟಿ ಉಸಿರಾಡ್ತಿದೆ' ಎಂದ. ನಾವು ನಾಲ್ವರು ರಿಪೋರ್ಟಿನಲ್ಲಿ ಬರೆದ ಹನ್ನೆರಡು ಪುಟಗಳಿಗಿಂತ ಅದು ಸರಿಯಾಗಿತ್ತು.

ಆಮೇಲೆ ಮನೆಯ ಗುಟ್ಟುಗಳೂ ಗ್ರಾಫಿನಲ್ಲಿ ಬರತೊಡಗಿದವು. ಚೌತಿಯ ದಿನ ಲೈಟ್ ಎಂದಿನಂತೆ ಹತ್ತಿದರೂ ಪಿಎಚ್ 8.05 ದಾಟಲೇ ಇಲ್ಲ. ಎಲೆಕ್ಟ್ರೋಡ್ ಕೆಟ್ಟಿತೆಂದುಕೊಂಡು ಬಫರ್ ದ್ರಾವಣದಲ್ಲಿ ಅದ್ದಿ ನೋಡಿದರೆ ಸರಿಯಾಗೇ ಇದೆ. ಆಗ ಹೊಳೆಯಿತು. ಅಂದು ಮನೆಯಲ್ಲಿ ಹದಿನಾಲ್ಕು ಜನ, ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡೂ ಒಲೆ ಉರಿದಿವೆ, ಮಳೆ ಎಂದು ಕಿಟಕಿ ಹಾಕಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 420 ಭಾಗ. ಜನ ತುಂಬಿದ ಮುಚ್ಚಿದ ಕೋಣೆಯಲ್ಲಿ ಸಾವಿರ ದಾಟುವುದು ದೊಡ್ಡ ವಿಷಯವಲ್ಲ. ಕೋಣೆಯ ಗಾಳಿ ಹೇಗೋ ತೊಟ್ಟಿಯ ನೀರು ಹಾಗೆ. ಅಂದರೆ ದಿನಾ ರಾತ್ರಿ ಸೊಳ್ಳೆಗೆ ಹೆದರಿ ಆರು ಗಂಟೆಗೇ ಕಿಟಕಿ ಮುಚ್ಚಿ, ಅದರ ಪಕ್ಕದಲ್ಲೇ ಮಲಗಿ ಬೆಳತನಕ ಉಸಿರುಬಿಡುತ್ತಿದ್ದ ನಾನೂ ಆ 7.8ರಲ್ಲಿ ಪಾಲುದಾರಳು! ಬೆಳಿಗ್ಗೆ ಎದ್ದು ಅದಕ್ಕೆ ಮದ್ದು ಹಾಕುತ್ತಿದ್ದವಳೂ ನಾನೇ.

ಕಿಟಕಿಗೆ ಸೊಳ್ಳೆಪರದೆಯ ಜಾಲರಿ ಹೊಡೆಸಿ ರಾತ್ರಿ ತೆರೆದಿಟ್ಟೆವು. ಮರುದಿನ ಬೆಳಿಗ್ಗೆಯ ಅಂಕಿ 7.98. ಅನುಭವಿಗಳು ಇನ್ನೂ ಎರಡು ಉಪಾಯ ಹೇಳುತ್ತಾರೆ. ನೊರೆ ತೆಗೆಯುವ ಸ್ಕಿಮ್ಮರ್‌ಗೆ ಗಾಳಿ ಎಳೆಯುವ ಕೊಳವೆಯನ್ನು ಬಾಲ್ಕನಿಯವರೆಗೆ ಉದ್ದ ಮಾಡುವುದು ಒಂದು. ಕೆಳಗಿನ ತೊಟ್ಟಿಯಲ್ಲಿ ಪಾಚಿ ಬೆಳೆಸಿ ಅದಕ್ಕೆ ರಾತ್ರಿ ಮಾತ್ರ ಬೆಳಕು ಕೊಡುವುದು ಇನ್ನೊಂದು. ಮೇಲಿನವರು ಮಲಗಿದಾಗ ಕೆಳಗಿನವರು ಕೆಲಸ ಮಾಡುತ್ತಾರೆ, ಶಿಫ್ಟ್ ಡ್ಯೂಟಿ ಇದ್ದ ಹಾಗೆ. ಯಾವುದಕ್ಕೂ ಪುಡಿ ಬೇಡ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಇಪ್ಪತ್ತು ವರ್ಷದ, ಎರಡು ವರ್ಷ ಇಂಜಿನಿಯರಿಂಗ್ ಓದಿದ, ಲಾಗರಿದಮ್ ಗೊತ್ತಿರುವ ಹುಡುಗಿಗೆ ಸಂಜೆ ಒಮ್ಮೆ ಅಳೆದು ನೋಡೋಣ ಎಂದು ಯಾಕೆ ಹೊಳೆಯಲಿಲ್ಲ? ಗಾಬರಿ ಒಂದು ಕಾರಣ, ಒಪ್ಪುತ್ತೇನೆ. ಆದರೆ ದೊಡ್ಡ ಕಾರಣ ನಮ್ಮ ಲ್ಯಾಬು.

ಪಿಎಚ್ ಮೀಟರ್ ನನಗೆ ಹೊಸದಲ್ಲ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ದುರ್ಬಲ ಆಮ್ಲದ ಪಿಕೆಎ ಕಂಡುಹಿಡಿಯುವ ಪ್ರಯೋಗ ನಿಮ್ಮಲ್ಲಿ ಹೆಚ್ಚಿನವರೂ ಮಾಡಿರುತ್ತೀರಿ. ನಮ್ಮ ಬ್ಯಾಚಿನಲ್ಲಿ ಅದನ್ನು 'ಮಾಡಿದ್ದು' ಹೇಗೆಂದರೆ, ಮೀಟರ್ ಮೂರು, ನಾವು ಅರವತ್ತು ಜನ. ಒಂದರ ಎಲೆಕ್ಟ್ರೋಡ್ ಒಣಗಿತ್ತು. ಇನ್ನೊಂದರ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಉಳಿದ ಒಂದರ ಮುಂದೆ ಕ್ಯೂ. ಸೀನಿಯರ್ ರೆಕಾರ್ಡಿನಲ್ಲಿ ಉತ್ತರ ಇತ್ತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದೆವು. ತೀರಾ ನುಣುಪಾದರೆ ಅನುಮಾನ ಬರುತ್ತದೆಂದು ಒಂದೆರಡು ಬಿಂದುಗಳನ್ನು ಗೆರೆಯಿಂದ ಸ್ವಲ್ಪ ಆಚೆ ಇಡುವ ಜಾಣತನವೂ ನಮ್ಮಲ್ಲಿತ್ತು. ಹತ್ತಕ್ಕೆ ಹತ್ತು ಬಂತು.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಇದನ್ನು ನಾವು ಸಣ್ಣ ಮೋಸ ಎಂದುಕೊಂಡು ಸುಮ್ಮನಾಗುತ್ತೇವೆ. ನನ್ನ ಅನುಭವದಲ್ಲಿ ಮೋಸಕ್ಕಿಂತ ಕೆಟ್ಟದ್ದು ಅದರಿಂದ ಬರುವ ಅಭ್ಯಾಸ. ಸರಿಯಾದ ಅಂಕಿ ಒಂದೇ, ಅದು ಮೊದಲೇ ಪುಸ್ತಕದಲ್ಲಿರುತ್ತದೆ, ನಮ್ಮ ಅಂಕಿ ಅದಕ್ಕೆ ಹೊಂದದಿದ್ದರೆ ಹೊಂದಿಸಬೇಕು. ಹೀಗೆ ನಾಲ್ಕು ಸೆಮಿಸ್ಟರ್ ಕೈಗೆ ರೂಢಿಯಾದ ಮೇಲೆ ಮನಸ್ಸಿಗೂ ರೂಢಿಯಾಗುತ್ತದೆ. ಮಾವನ ಪುಸ್ತಕದಲ್ಲಿ 8.2 ಇತ್ತು. ನನಗೆ 7.8 ಬಂತು. ಪೇಪರಿನ ಮೇಲೆ ತಿದ್ದುವ ಬದಲು ಈ ಸಲ ನೀರನ್ನೇ ತಿದ್ದಿದೆ.

ಅಲ್ಲಿಗೂ ಬುದ್ಧಿ ಬಂತಾ ಎಂದರೆ, ಇಲ್ಲ. ಅಕ್ಟೋಬರಿನಲ್ಲಿ ಪ್ರಾಜೆಕ್ಟ್ ರಿವ್ಯೂ. ನಮ್ಮ ಏರಿಳಿಯುವ ಗ್ರಾಫ್ ತೋರಿಸಿದೆವು. ಮುಂದೆ ಕೂತಿದ್ದವರೊಬ್ಬರು 'ಔಟ್‌ಪುಟ್ ಸ್ಟೇಬಲ್ ಇಲ್ವಲ್ಲ, ಫಿಲ್ಟರ್ ಹಾಕಿ' ಎಂದರು. ಇದು ನಾಯ್ಸ್ ಅಲ್ಲ ಸರ್, ಹಗಲು ರಾತ್ರಿ ಎಂದು ವಿವರಿಸಲು ಹೋದೆ. ಸಮಯ ಮುಗಿದಿತ್ತು, ಹೊರಗೆ ಮುಂದಿನ ತಂಡ ಕಾಯುತ್ತಿತ್ತು. ಮುಂದಿನ ವಾರ ನಾವು ಇಪ್ಪತ್ನಾಲ್ಕು ಗಂಟೆಯ ಸರಾಸರಿ ತೆಗೆಯುವ ನಾಲ್ಕು ಸಾಲಿನ ಕೋಡ್ ಸೇರಿಸಿದೆವು. ಗುಡ್ಡ ಕಣಿವೆ ಎಲ್ಲ ಮಾಯವಾಗಿ ಹೆದ್ದಾರಿಯಂಥ ಗೆರೆ ಬಂತು. ಎಲ್ಲರೂ ತಲೆಯಾಡಿಸಿದರು. ಒಳ್ಳೆಯ ಅಂಕವೂ ಬಂತು. ಮೀಟರ್ ಎಂದು ಕರೆದರೂ ಅದು ಆಗ ಅಳೆಯುವ ಯಂತ್ರವಾಗಿ ಉಳಿದಿರಲಿಲ್ಲ. ನಾನು ಬಾಯಿ ಬಿಡಲಿಲ್ಲ, ಅದನ್ನೂ ಇಲ್ಲಿ ಹೇಳಬೇಕು.

ಕಲಿಸುವವರನ್ನು ದೂರುವುದು ಸುಲಭ. ಎರಡು ಗಂಟೆಯ ಸ್ಲಾಟಿನಲ್ಲಿ ಅರವತ್ತು ಜನರಿಗೆ ಪ್ರಯೋಗ ಮಾಡಿಸಿ, ಅಬ್ಸರ್ವೇಷನ್ ನೋಡಿ, ವೈವಾ ಕೇಳಿ, ಸಹಿ ಹಾಕುವವರ ಕಷ್ಟ ಅವರಿಗೇ ಗೊತ್ತು. ನನ್ನ ತಕರಾರು ಆ ಎರಡು ಗಂಟೆಯ ಬಗ್ಗೆ. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ರಾತ್ರಿ ಎಂಬುದೇ ಇಲ್ಲ. ಎರಡರಿಂದ ನಾಲ್ಕರವರೆಗೆ ಇದ್ದ ವಸ್ತು ಆಮೇಲೂ ಹಾಗೇ ಇರುತ್ತದೆ ಎಂದು ನಂಬಿ ಡಿಗ್ರಿ ಮುಗಿಸುತ್ತೇವೆ. ನಾಳೆ ನಮ್ಮಲ್ಲಿ ಕೆಲವರು ಕೆರೆಯ ನೀರು ನೋಡುವ ಕೆಲಸಕ್ಕೆ ಹೋಗುತ್ತಾರೆ. ಪಾಚಿ ತುಂಬಿದ ಕೆರೆಯಲ್ಲೂ ನಡೆಯುವುದು ಇದೇ. ಮಧ್ಯಾಹ್ನ ಮೂರಕ್ಕೆ ಹೋಗಿ ಮಾದರಿ ತಂದರೆ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ಮೀನು ಸಾಯುವುದು ಬೆಳಗಿನ ಜಾವ.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಡಿಗ್ರಿಯ ನಾಲ್ಕು ವರ್ಷದಲ್ಲಿ ಒಂದು ಪ್ರಯೋಗ, ಒಂದೇ ಒಂದು, ಇಪ್ಪತ್ನಾಲ್ಕು ಗಂಟೆ ನಡೆಯಲಿ. ಹಾಸ್ಟೆಲ್ ಟ್ಯಾಂಕಿನ ನೀರಿನ ತಾಪವಾದರೂ ಸರಿ, ಕ್ಲಾಸ್‌ರೂಮಿನ ಗಾಳಿಯಾದರೂ ಸರಿ, ಸಾಲಿಗೊಂದು ಗಂಟೆ ಬರೆಯಲಿ. ಉತ್ತರ ಸೀನಿಯರ್ ಬಳಿ ಇರಬಾರದು, ಅದೊಂದೇ ಷರತ್ತು. ಹಾಗೆ ಮಾಡಿದರೆ ಪ್ರತಿ ತಂಡದ ಗ್ರಾಫೂ ಬೇರೆಯಾಗುತ್ತದೆ, ಯಾಕೆ ಬೇರೆ ಎಂಬುದನ್ನೇ ವೈವಾದಲ್ಲಿ ಕೇಳಬಹುದು.

ಏರಿಳಿತ ಎಲ್ಲವೂ ಸಹಜ ಎಂದು ನಾನು ಹೇಳುತ್ತಿಲ್ಲ. ತೊಟ್ಟಿಯಲ್ಲಿ ಅಮೋನಿಯಾ ಕಂಡರೆ ಯಾವ ಹೊತ್ತಾದರೂ ಅಪಾಯವೇ. ಬೆಳಗಿನ ಪಿಎಚ್ ವಾರದಿಂದ ವಾರಕ್ಕೆ ಕೆಳಗಿಳಿಯುತ್ತಾ ಹೋದರೆ ಅದೂ ಬೇರೆ ಕತೆ. ಈ ವ್ಯತ್ಯಾಸದ ಬಗ್ಗೆ ಗೆಳೆಯನೊಬ್ಬ ನನ್ನನ್ನು ಚೆನ್ನಾಗಿ ಸಿಕ್ಕಿಸಿದ. 'ಕೈಗಾರಿಕೆ ಶುರುವಾದಾಗಿನಿಂದ ಸಮುದ್ರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ ಅಂತ ಎಲ್ಲರೂ ಹೆದರಿಸ್ತಾರೆ. ನಿನ್ನ ತೊಟ್ಟಿ ದಿನಾ 0.4 ಏರಿಳಿಯುತ್ತೆ, ಏನೂ ಆಗಲ್ಲ. ಹಾಗಾದ್ರೆ 0.1 ಯಾವ ಲೆಕ್ಕ?' ನಾನು ಎರಡು ದಿನ ಯೋಚಿಸಿದೆ. ತೊಟ್ಟಿಯದು ಸಂಜೆಗೆ ಮರಳಿ ಬರುವ ಇಳಿತ. ಆಳವಿಲ್ಲದ ಕಡೆಯ ಹವಳ ದಿಬ್ಬಗಳಲ್ಲೂ ಹಗಲು ರಾತ್ರಿ ಹೀಗೆ ಏರಿಳಿಯುತ್ತದೆ. ಸಮುದ್ರದ 0.1 ಹಾಗಲ್ಲ, ಅದು ಸರಾಸರಿಯೇ ಕೆಳಗೆ ಜಾರಿರುವುದು. ದಿನದ ಏರಿಳಿತವೆಲ್ಲ ಇನ್ನು ಆ ತಗ್ಗಿದ ನೆಲದ ಮೇಲೆ ನಡೆಯಬೇಕು, ಬೆಳಗಿನ ಕನಿಷ್ಠ ಅಂಕಿಯೂ ಇನ್ನಷ್ಟು ಕೆಳಗೆ. ನಮ್ಮ ಊರಿನ ಕಡೆ, ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವುಗಳಿಗೆ ತೆರೆದಿಡಲು ಬೇರೆ ಕಿಟಕಿ ಇಲ್ಲ. ತಮಾಷೆ ಎಂದರೆ, ಸಮುದ್ರದ ಈ ಜಾರುವಿಕೆಯನ್ನು ಹಿಡಿಯಲು ದಿನದ ಏರಿಳಿತ ಕಳೆದ ದೀರ್ಘ ಸರಾಸರಿಯೇ ಬೇಕು. ಫಿಲ್ಟರ್ ಹಾಕಿ ಎಂದವರದ್ದು ಪೂರ್ತಿ ತಪ್ಪಲ್ಲ. ನಾವು ಏನನ್ನು ಹುಡುಕುತ್ತಿದ್ದೇವೆ ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನವೆಂಬರಿನಲ್ಲಿ ಮಾವ ವಾಪಸ್ ಬಂದರು. ಬ್ಯಾಗ್ ಇಟ್ಟು ಮೊದಲು ತೊಟ್ಟಿಯ ಮುಂದೆ ಕೂತರು. ತಟ್ಟೆಯಷ್ಟು ದೊಡ್ಡದಿದ್ದ ಜಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ತುಂಡು. ನಾನು ಲ್ಯಾಪ್‌ಟಾಪ್ ತಂದು ಸರಾಸರಿ ತೆಗೆಯದ ಹಳೆಯ ಗ್ರಾಫ್ ತೋರಿಸಿದೆ. ಬಹಳ ಹೊತ್ತು ನೋಡಿದರು. 'ಏಳು ವರ್ಷ ನಾನು ಇದರ ಭಾನುವಾರ ಸಂಜೆ ಮಾತ್ರ ನೋಡಿದ್ದು' ಎಂದರು. ಆಮೇಲೆ ನೋಟ್‌ಬುಕ್ ಕೇಳಿ, ಸ್ಕೇಲ್ ತರಿಸಿ, ದಿನಾಂಕದ ಪಕ್ಕ ಇನ್ನೊಂದು ಗೆರೆ ಎಳೆದು ಮೇಲೆ 'ಗಂಟೆ' ಎಂದು ಬರೆದರು.

ಈ ವಾರ ಆ ತುಂಡಿನ ಮೇಲೆ ಮೊದಲ ಸಲ ಎಳೆಗಳು ಅರಳಿವೆ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಲೈಟ್ ಹತ್ತಿ ಎರಡು ತಾಸಾದ ಮೇಲೆ. ಪಿಎಚ್ 8.04.